ಭಾವನ ಗಾಜಿನ ಡಬ್ಬ

ನಮ್ಮ ಭಾವನ ಬೆರಳ ತುದಿಗಳು ಯಾವಾಗಲೂ ನೆನೆದು ಸುಕ್ಕುಗಟ್ಟಿರುತ್ತಿದ್ದವು. ನೆಲಮಂಗಲದಲ್ಲಿ ಸೈಕಲ್ ಶಾಪ್ ಅವರದು. ಟ್ಯೂಬಿಗೆ ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಬಗ್ಗಿ ನೋಡುವುದೇ ದಿನವಿಡೀ ಕೆಲಸ. ಗಿರಾಕಿ ಅವಸರ ಮಾಡಿದರೆ, "ತಡಿಯಪ್ಪಾ, ನೀರೊಳಗೆ ಏನೈತೋ ನೋಡ್ಬೇಕಲ್ಲ" ಎನ್ನುತ್ತಿದ್ದರು.

ಆ ಬೋಗುಣಿ ನೋಡಿ ನೋಡಿಯೇ ಸಮುದ್ರದ ತಳ ನೋಡುವ ಹುಚ್ಚು ಹತ್ತಿರಬೇಕು. ಯಾವುದೋ ಹಳೇ ಪತ್ರಿಕೆಯಲ್ಲಿ, ಮುಖಕ್ಕೆ ಗಾಜು ಕಟ್ಟಿಕೊಂಡು ಮೀನುಗಳ ನಡುವೆ ತೇಲುವವನ ಚಿತ್ರ ಸಿಕ್ಕಿತ್ತು. ಆದರೆ ಭಾವನ ಕೈ ಬಲು ಬಿಗಿ. ಬಿಸ್ಕತ್ತಿನ ಡಬ್ಬದ ತಳ ಕೊಯ್ದು, ಕಿಟಕಿಯ ಗಾಜು ಕೂರಿಸಿ, ಅಂಚಿಗೆ ಸೈಕಲ್ ಟ್ಯೂಬು ಅಂಟಿಸಿ ಮುಖವಾಡ ಮಾಡಿದರು. ಉಸಿರಾಡಲು ಪರಂಗಿ ಎಲೆಯ ದಂಟು. ಅದರ ಹಾಲು ತಾಕಿ ತುಟಿ ಊದಿದಾಗ ನಮ್ಮಕ್ಕ ಬಯ್ದಿದ್ದಕ್ಕೆ ಲೆಕ್ಕವಿಲ್ಲ.

ಬೇಸಿಗೆಯಲ್ಲಿ ಮಧುರೆ ಕೆರೆಯ ನೀರು ಇಳಿದು ದಿಬ್ಬಗಳು ತಲೆ ಎತ್ತಿದವೆಂದರೆ ನನ್ನ ಭಾನುವಾರಗಳು ಹಾಳು. ಲಾರಿ ಟ್ಯೂಬುಗಳ ಮೇಲೆ ಹಲಗೆ ಕಟ್ಟಿದ ತೆಪ್ಪ. ಅವರ ಹೆಂಡತಿಯ ತಮ್ಮನಾಗಿ ಹುಟ್ಟಿದ ತಪ್ಪಿಗೆ ಹುಟ್ಟು ಹಾಕುವವನು ನಾನು.

"ಎರಡನೇ ದ್ವೀಪಾನೂ ಆಯ್ತು ಕಣೋ. ನಡಿ ಮೂರನೇದಕ್ಕೆ!"

"ಭಾವ, ಅದು ಎಮ್ಮೆ ಮಲಗಿರೋದು."

"ಎದ್ದೋಗೋವರ್ಗೂ ಅದೂ ದ್ವೀಪಾನೇ, ನಡಿಯೋ."

ನೀರಿಗೆ ಮುಖ ಅದ್ದಿ ಗಂಟೆಗಟ್ಟಲೆ ತೇಲುವರು. ಏನು ಕಂಡಿತೆಂದು ಕೇಳಿದರೆ, "ಕೆಸರು ಕಣೋ. ಎಂಥಾ ಕೆಸರು ಅಂತೀಯಾ!"

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಒಮ್ಮೆ, ಹಂಚು ತರಲು ಮಂಗಳೂರಿನ ಕಡೆ ಹೊರಟ ಖಾಲಿ ಲಾರಿಯಲ್ಲಿ ನನ್ನನ್ನೂ ಹತ್ತಿಸಿದರು. ಊಟಕ್ಕೆ ಮನೆಯ ಅವಲಕ್ಕಿ, ಹುರಿಹಿಟ್ಟು. ಘಾಟಿಯುದ್ದಕ್ಕೂ ಡಬ್ಬ ನನ್ನ ತೊಡೆಯ ಮೇಲೆ. "ಗಾಜು ಜೋಪಾನ ಕಣೋ" ಎಂದು ನೂರು ಸಲ ಹೇಳಿದ್ದರು. ಸೊಂಟ ಬಿದ್ದುಹೋಗಿತ್ತು, ತಾಳ್ಮೆಯೂ.

ಅಲ್ಲಿ ಮೀನು ಹಿಡಿಯುವ ದೋಣಿಯವನೊಬ್ಬ ಕಾಲೇಜು ಹುಡುಗರ ಗುಂಪಿನ ಜೊತೆ ನಮ್ಮನ್ನೂ ಮೂರು ದ್ವೀಪ ಸುತ್ತಿಸಲು ಒಪ್ಪಿದ. ಹಾಗಾದರೆ ಅಗ್ಗ. ಹುಡುಗರು, "ಸಾರ್, ಬಿಸ್ಕತ್ ಖಾಲಿನಾ?" ಎಂದು ನಕ್ಕರೆ, ಭಾವ ಡಬ್ಬ ಕಟ್ಟಿಕೊಂಡೇ ತೋರಿಸಿದರು. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿ. ಅವರು ನೀರಿಗಿಳಿದರೆ ನಗು ಇನ್ನೂ ಗಂಟೆಗಟ್ಟಲೆ ಎಂದುಕೊಂಡೆ.

ಮೂರನೇ ದ್ವೀಪದಲ್ಲಿ ನೀರು ತಿಳಿಯಾಗಿತ್ತು, ತಳದ ಬಂಡೆ ಕಾಣುವಷ್ಟು. ಭಾವ ಅಂಗಿ ಬಿಚ್ಚುತ್ತಿದ್ದಾಗ ನಾನು ದೋಣಿಯವನ ಕಿವಿಯಲ್ಲಿ ಹೇಳಿದೆ: "ಅವ್ರಿಗೆ ಹಾರ್ಟು ವೀಕು. ಇಳಿಸ್ಬೇಡಿ. ನಾನು ಹೇಳ್ದೆ ಅನ್ಬೇಡಿ."

ಅವನು ಭಾವನ ಮುಂದೆ ಅಡ್ಡ ನಿಂತ. "ಬೇಡ ಮಾರಾಯ್ರೆ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ, ಎದೆ ಗಟ್ಟಿ ಇಲ್ಲ. ನಾನು ಇಳಿಸೂದಿಲ್ಲ."

ಎರಡು ಬಾಳೆಹಣ್ಣಿಗೂ ಚೌಕಾಸಿ ಮಾಡುವವರು ಡಬ್ಬ ನನ್ನ ಕೈಗಿಟ್ಟರು. ಅಂಗಿ ತೊಟ್ಟು ಕೂತರು. ವಾಪಸು ಬರುವಾಗ, ಲಾರಿಯಲ್ಲಿ ಹಂಚಿನ ಪಕ್ಕ ಕೂತು ಹೇಳಿದರು: "ಸಮುದ್ರದೋರು ಕಣೋ ಅವ್ರು. ಸುಮ್‌ಸುಮ್ನೆ ಹೇಳಲ್ಲ."

ಆಮೇಲೆ ಅವರು ಕೆರೆಗೆ ಇಳಿಯಲೇ ಇಲ್ಲ. ಅಂಗಡಿಯಲ್ಲಿ ಪಂಪು ಹೊಡೆಯುವುದನ್ನೂ ಗಿರಾಕಿಗಳಿಗೇ ಬಿಟ್ಟರು. ಅಕ್ಕ ಡಾಕ್ಟರಿಗೆ ತೋರಿಸಿ ಎಂದರೆ, "ಅದಕ್ಯಾಕೆ ದುಡ್ಡು? ದೋಣಿಯವನು ಪುಕ್ಕಟೆ ಹೇಳಿದಾನಲ್ಲ" ಎನ್ನುತ್ತಿದ್ದರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದರು. ಡಾಕ್ಟರು ಎಲ್ಲ ಪರೀಕ್ಷಿಸಿ, "ಲಿವರ್ ಕೆಟ್ಟಿದೆ. ಹಾರ್ಟ್ ಮಾತ್ರ ಹುಡುಗರ ಥರ ಗಟ್ಟಿಯಾಗಿದೆ" ಎಂದರು. ಅವರು ಅತ್ತ ಹೋದ ಮೇಲೆ ಭಾವ ನನ್ನ ಕಡೆ ತಿರುಗಿ ನಕ್ಕರು.

"ನೋಡ್ದೇನೋ, ಆ ದೋಣಿಯವನು ಎಂಥಾ ತಪ್ಪು ಮಾಡ್ಬಿಟ್ಟ! ಪಾಪ, ಒಳ್ಳೇದಕ್ಕೇ ಹೇಳಿರ್ತಾನೆ."

"ಹೌದು ಭಾವ" ಎಂದೆ.

ಮೂರನೇ ದಿನ ತೀರಿಹೋದರು. ಡಬ್ಬವನ್ನು ಅಕ್ಕ ನನಗೇ ಕೊಟ್ಟಳು. ಗಾಜು ಇವತ್ತಿಗೂ ಒಡೆದಿಲ್ಲ. ಭಾವನದು ಅಂತ ನಾನು ಜೋಪಾನ ಮಾಡಿದ್ದು ಅದೊಂದೇ.