ಅಕ್ಕನ ತುಪ್ಪಕ್ಕೆ ನಾನು ಬೆರೆಸಿದ್ದು

ಅಕ್ಕಾ, ನಿನ್ನ ತುಪ್ಪಕ್ಕೆ ವನಸ್ಪತಿ ಬೆರೆಸಿದವಳು ನಾನೇ. ಒಂದು ಸಲವಲ್ಲ, ಎಂಟು ತಿಂಗಳು. ತಿಳಿಯದೆ ಆದ ತಪ್ಪಲ್ಲ ಅದು, ಹಲ್ಲು ಕಚ್ಚಿಕೊಂಡು ಕೈಯಾರೆ ಮಾಡಿದ್ದು.

ಸಕ್ಕರೆ ಕಾಯಿಲೆ ಅಂತ ಬಂಗಾರಪೇಟೆಯ ಡಾಕ್ಟರು ನಿನಗೆ ಅನ್ನ, ಮುದ್ದೆ ಬಿಡಿಸಿದರು. ಮೊಟ್ಟೆ, ಮೀನು, ಸೊಪ್ಪು ತಿನ್ನಿ, ಅಡುಗೆಗೆ ಗಾಣದ ಕಡಲೆಕಾಯಿ ಎಣ್ಣೆ, ಮೇಲೆ ಸ್ವಲ್ಪ ಮನೆ ತುಪ್ಪ ಇರಲಿ, ವನಸ್ಪತಿ ಮಾತ್ರ ಹೊಸಿಲು ದಾಟಿಸಬೇಡಿ ಎಂದರು. ನೀನು ಚಾಂಪಿಯನ್ ರೀಫ್ಸ್‌ನಿಂದ ಬಸ್ಸು ಹತ್ತಿ ಕಾಮಸಮುದ್ರದ ನನ್ನ ಮನೆಗೆ ಬಂದೆ. "ಅಂಗ್ಡಿ ತುಪ್ಪ ನಂಬಂಗಿಲ್ಲ ಕಣೇ. ನೀನ್ ಕಾಯ್ಸಿ ಕೊಟ್ರೆ ಕಣ್ ಮುಚ್ಕೊಂಡ್ ತಿಂತೀನಿ" ಎಂದೆ. ಡೇರಿಗೆ ಹಾಕುವ ಹಾಲಲ್ಲಿ ಒಂದು ಪಾಲು ಉಳಿಸಿ, ಹೆಪ್ಪು ಹಾಕಿ, ಕಡೆದು ನಿನಗೆ ತುಪ್ಪ ಕಾಯಿಸತೊಡಗಿದೆ.

ಆಮೇಲೆ ಅಮ್ಮನ ತಿಥಿ ಬಂತು. ಅವಳಿಗೆ ಇಷ್ಟವೆಂದು ಎಡೆಗೆ ಮುದ್ದೆ, ಅವರೆಕಾಳು ಸಾರು ಇಟ್ಟಿದ್ದೆ. ನೀನು ಎಲ್ಲರೆದುರು ತಟ್ಟೆ ಸರಿಸಿ, "ಇದೆಲ್ಲ ನಂಗಾಗಲ್ಲ, ತುಪ್ಪ ಐತಾ?" ಎಂದೆ. ಒಂದು ತುತ್ತು, ಒಂದೇ ಒಂದು ತುತ್ತು ತಿಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಕೂಲಿ ಮಾಡಿ ಮುದ್ದೆ ಹಾಕಿ ಸಾಕಿದವಳ ಎಡೆ ಬೇಡ, ಮಹಾರಾಣಿಗೆ ತುಪ್ಪ ಬೇಕು!

ಮುಂದಿನ ಸಲ ಅರ್ಧಕ್ಕರ್ಧ ವನಸ್ಪತಿ ಸುರಿದೆ. ಬೆಣ್ಣೆ ಕಾಯಿಸುವಾಗ ಘಮಕ್ಕೆ ನುಗ್ಗೆಸೊಪ್ಪು ಹಾಕುತ್ತೇವಲ್ಲ, ಅವತ್ತು ಇನ್ನೆರಡು ಹಿಡಿ ಹೆಚ್ಚು ಹಾಕಿದೆ. ನೀನು ಮೂಸಿ, "ಅಮ್ಮ ಕಾಯ್ಸಿದಂಗೇ ಐತೆ" ಎಂದೆ. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಎಂಟನೇ ತಿಂಗಳ ರಕ್ತಪರೀಕ್ಷೆಯಲ್ಲಿ ಕೊಬ್ಬು ಏರಿತ್ತು. ಹೊರಗಡೆ ಕರಿದದ್ದು ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದ್ದೇ ಸಾಕು, ಭಾವ ಮನೆಗೆ ಬಂದು ಕೂಗಾಡಿದರು. ಆ ತಿಂಗಳ ತುಪ್ಪ ಕೊಡಲು ಬಂದ ನಾನು ಬಾಗಿಲಲ್ಲೇ ನಿಂತಿದ್ದೆ.

"ಬಾಯ್ ಕಟ್ಟಕ್ಕಾಗ್ದೆ ಬೋಂಡಾ ತಿಂದು ಸುಳ್ಳು ಬೇರೆ ಏಳ್ತೀಯಾ?"

"ಅಮ್ಮನಾಣೆ ಮುಟ್ಟಿಲ್ಲ ಕಣ್ರೀ," ಎಂದು ನೀನು ನನ್ನ ಕಡೆ ತಿರುಗಿದೆ. "ಇವ್ರಿಗೆ ನೀನಾದ್ರೂ ಒಂದ್ ಮಾತ್ ಏಳೇ."

ನಾನು ಹೇಳಿದೆ — ಈ ನಾಲಿಗೆಗೆ ಹುಳ ಬೀಳಲಿ — "ತಿಂದಿದ್ರೆ ಒಪ್ಕೊಂಬಿಡಕ್ಕಾ, ಅದ್ರಲ್ಲೇನೈತೆ."

ನೀನು ಆ ರಾತ್ರಿಯಿಂದಲೇ ಪಥ್ಯ ಬಿಟ್ಟೆ. ತಿನ್ನದೆ ಕಳ್ಳಿ ಅನ್ನಿಸಿಕೊಂಡ ಮೇಲೆ ತಿಂದೇ ಅನ್ನಿಸಿಕೊಳ್ಳುತ್ತೇನೆ ಎಂದು ಮೂರು ಹೊತ್ತೂ ಅನ್ನ ಉಂಡೆ. ಮೂರು ವರ್ಷವಾಯಿತು. ಈಗ ನಿನ್ನ ಕಾಲಿನ ಹುಣ್ಣು ಮಾಯುತ್ತಿಲ್ಲ. ಬಂದವರಿಗೆಲ್ಲ ಭಾವ, "ಇವ್ಳು ಕದ್ದು ತಿಂದು ಇಂಗ್ ಮಾಡ್ಕೊಂಡ್ಳು" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಒಂದು ಸಲ ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು.

ಭಾವನ ಮೇಲೂ ಸಿಟ್ಟಿದೆ. ಕಟ್ಟಿಕೊಂಡವಳ ಮಾತು ನಂಬದ ಅವರದು ಎಂಥ — ಬೇಡ, ಅದನ್ನು ಹೇಳಲು ನಾನ್ಯಾರು. ಅವರ ಕೈಗೆ ಕಲ್ಲು ಕೊಟ್ಟವಳೇ ನಾನು.

ಭಾನುವಾರ ಬರುತ್ತಿದ್ದೇನೆ. ಭಾವನನ್ನೂ, ಅವರ ಮಾತಿಗೆ ನಕ್ಕ ಅಕ್ಕಪಕ್ಕದವರನ್ನೂ ಕರೆದು ನಿಲ್ಲಿಸಿ, ನೀನು ಏನೂ ಕದ್ದು ತಿನ್ನಲಿಲ್ಲ ಎಂದು ಹೇಳುತ್ತೇನೆ. ಯಾರು ಏನು ಮಾಡಿದರು ಎಂದೂ ಹೇಳುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡಬೇಡ, ಅಕ್ಕಾ. ಕ್ಷಮಿಸು ಎಂದು ನಾನು ಕೇಳುವುದಿಲ್ಲ.