ಲಾಭ, ಎರಡು, ಮೂರು

ಮೊನ್ನೆ ಬಂಗಾರಪೇಟೆಯ ಬಜಾರಿನಲ್ಲಿ ಕಡ್ಲೆಪುರಿ ಕೊಳ್ಳಲು ನಿಂತಿದ್ದೆ. ಉಪ್ಪಿನಿಂದ ಹಿಡಿದು ಊದಿನಕಡ್ಡಿಯವರೆಗೆ ಎಲ್ಲವೂ ಪ್ಯಾಕೆಟ್ಟು ಸೇರಿಕೊಂಡಿರುವ ಕಾಲ. ಪುರಿ ಮಾತ್ರ ಇನ್ನೂ ಸೇರಿನಲ್ಲೇ ಅಳೆಸಿಕೊಳ್ಳುತ್ತದೆ, ಅದಕ್ಕೇ ನನಗೆ ಅದರ ಮೇಲೆ ಒಂದು ಗೌರವ. ಅಂಗಡಿಯಾತ ಗುಡ್ಡೆಗೆ ಸೇರು ಬಗ್ಗಿಸಿ, ತುಂಬಿ, ನನ್ನ ಚೀಲಕ್ಕೆ ಸುರಿಯುತ್ತಾ, "ಲಾಭ... ಎರಡು... ಮೂರು..." ಅಂದ. ನನಗೆ ತಡೆಯಲಾರದ ನಗು ಬಂತು. ತಲೆ ನರೆತ ಹೆಂಗಸು ಬಜಾರಿನಲ್ಲಿ ಒಬ್ಬಳೇ ನಿಂತು ನಗುವುದು ನೋಡುವವರಿಗೆ ಚೆನ್ನಾಗಿರುವುದಿಲ್ಲ. ಅವನು ಸೇರನ್ನು ಗಾಳಿಯಲ್ಲೇ ನಿಲ್ಲಿಸಿ, "ಯಾಕಮ್ಮಾ, ಲೆಕ್ಕ ತಪ್ತಾ?" ಅಂದ.

ಅವನಿಗೆ ಏನಂದೆ ಅಂತ ಆಮೇಲೆ ಹೇಳುತ್ತೇನೆ. ನಕ್ಕಿದ್ದು ಯಾಕೆ ಅಂತ ಮೊದಲು ಹೇಳದಿದ್ದರೆ ನೀವೂ ಅವನ ಹಾಗೆಯೇ ನನ್ನನ್ನು ನೋಡುತ್ತೀರಿ.

ನಮ್ಮ ಕಡೆ ಧಾನ್ಯ ಅಳೆಯುವಾಗ "ಒಂದು" ಅನ್ನುವುದಿಲ್ಲ. ಮೊದಲನೇ ಸೇರಿಗೆ "ಲಾಭ" ಅನ್ನಬೇಕು, ಆಮೇಲೆ ಎರಡು, ಮೂರು. ನಮ್ಮ ಮನೆಯಲ್ಲಿ ರಾಗಿ ಅಳೆಯುವ ಅಧಿಕಾರ ಅಮ್ಮನದು. ಅಪ್ಪನ ಕೈಗೆ ಸೇರು ಕೊಟ್ಟರೆ ಅವರು ಅಂದಾಜಿನಲ್ಲೇ ರಾಶಿ ಮುಗಿಸಿಬಿಡುತ್ತಿದ್ದರು. ಹತ್ತಿರ ಕೂತ ಯಾರಾದರೂ ಬಾಯಿ ತಪ್ಪಿ "ಒಂದು" ಅಂದರೆ ಮುಗಿಯಿತು, ಅಮ್ಮ ಅಳೆದದ್ದನ್ನೆಲ್ಲ ರಾಶಿಗೆ ವಾಪಸ್ಸು ಸುರಿದು ಮೊದಲಿಂದ ಶುರು ಮಾಡುತ್ತಿದ್ದಳು. "ಒಂದು ಅಂದ್ರೆ ಒಂದೇ ಆಗೋಯ್ತದೆ ಕಣೇ. ಲಾಭ ಅನ್ನು, ನಿನ್ ಗಂಟೇನು ಓಯ್ತದೆ?" ಅನ್ನುವುದು ಅವಳ ವಾದ. ನಾನು ಬಿ.ಎಸ್ಸಿ. ಓದಿದವಳು, ಅದೂ ಗಣಿತ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅವಕಾಶ ಸಿಕ್ಕಾಗಲೆಲ್ಲ ಇದನ್ನು ಹೇಳುತ್ತೇನೆ, ಈಗಲೂ ಹೇಳಿದೆ. ಆದರೆ ಅಮ್ಮನ ಆ ವಾದಕ್ಕೆ ಉತ್ತರ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಪದವಿಯೇನೋ ಬಂತು, ಕೆಲಸ ಬರಲಿಲ್ಲ. ಎರಡು ವರ್ಷ ಸರ್ಟಿಫಿಕೇಟು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಬಾವಿಕಟ್ಟೆಯ ಹೆಂಗಸರು, "ಅಷ್ಟೊಂದ್ ಓದಿ ನೀನೂ ನಮ್ಮಂಗೆ ಸಗಣಿ ಬಾಚ್ತೀಯಲ್ಲೇ" ಅಂತ ಪ್ರೀತಿಯಿಂದಲೇ ಕುಟುಕುತ್ತಿದ್ದರು. ಇದು ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಚಿನ್ನದ ಗಣಿಗಳ ನಡುವಿನ ಊರಿಗಾಂನ ಹಳೇ ಕಟ್ಟಡವೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ತರಗತಿ ತೆರೆದಿದ್ದರು. ಆರು ತಿಂಗಳ ಕೋರ್ಸು. ಕೊನೆಯ ಪರೀಕ್ಷೆಯಲ್ಲಿ ಮೆಚ್ಚುಗೆಯಾದ ಒಬ್ಬರಿಗೆ ಅಲ್ಲೇ ಹೊಸಬರಿಗೆ ಪಾಠ ಹೇಳುವ ಕೆಲಸ. ಒಬ್ಬರಿಗೆ ಮಾತ್ರ. ನಾವಿದ್ದದ್ದು ಹನ್ನೊಂದು ಜನ, ಹತ್ತು ಹುಡುಗರು ಮತ್ತು ನಾನು.

ಬಂಗಾರಪೇಟೆಯಿಂದ ಗಣಿ ರೈಲು ಹತ್ತಿ ದಿನಾ ಹೋಗುತ್ತಿದ್ದೆ. ಮಾಳಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಒರೆಸಿ ಒಳಗೆ ಹೋಗಬೇಕು. ಗರ್ಭಗುಡಿಯ ಶಿಸ್ತು. ಒಳಗಿದ್ದ ನಾಲ್ಕು ಕಂಪ್ಯೂಟರುಗಳಿಗೆ ಅರುಳ್ ಸಾರ್ ಪೂಜಾರಿ. ಅವರ ತಂದೆ, ತಾತ ಇಬ್ಬರೂ ಗಣಿಗೆ ಇಳಿದವರು. ಮನೆಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ, ಕಂಪ್ಯೂಟರು ಕೈಕೊಟ್ಟಾಗ ಮತ್ತೆ ತಮಿಳು.

ಅವರು ಮೊದಲ ದಿನ ಹೇಳಿದ್ದು ಡಬ್ಬಿಗಳ ಪಾಠ. ಕಂಪ್ಯೂಟರಿನೊಳಗೆ ಡಬ್ಬಿಗಳಿರುತ್ತವೆ. ಒಂದು ಪೂರ್ಣ ಸಂಖ್ಯೆಗೆ, ಒಂದು ದಶಮಾಂಶಕ್ಕೆ, ಒಂದು ಹೆಸರಿಗೆ. ಹೆಸರಿನ ಡಬ್ಬಿಗೆ ಹಿಂದೆ ಡಾಲರ್ ಗುರುತಿನ ಬಾಲ. ನಾನು ಎದ್ದುನಿಂತು, "ರೈಲಿನ ನಂಬರು ಯಾವ ಡಬ್ಬಿ ಸಾರ್?" ಅಂದೆ.

"ಎರಡು ರೈಲಿನ ನಂಬರ್ ಕೂಡ್ಸಿದ್ರೆ ಮೂರನೇ ರೈಲು ಬರುತ್ತಾಮ್ಮಾ?"

"ಇಲ್ಲ ಸಾರ್."

"ಹಂಗಾದ್ರೆ ಅದು ನಂಬರಲ್ಲ, ಹೆಸರು. ಕೂತ್ಕೋ."

ಸಂಜೆ ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಒಪ್ಪಿಸಿದೆ. ಅಮ್ಮ ಬೆರಗಾಗಲಿಲ್ಲ. "ಇದ್ನ ಕಲಿಯಾಕೆ ರೈಲತ್ತಿ ಓಗ್ಬೇಕಾ? ಆಲಿನ ಚೆಂಬಲ್ಲಿ ಯಾರಾನ ರಾಗಿ ಅಳೀತಾರಾ?" ಅಂದಳು. ಮೂರೂವರೆಯನ್ನು ಪೂರ್ಣ ಸಂಖ್ಯೆಯ ಡಬ್ಬಿಗೆ ಹಾಕಿದರೆ ನಮ್ಮ ಕಂಪ್ಯೂಟರು ಸದ್ದಿಲ್ಲದೆ ನಾಲ್ಕು ಮಾಡಿಕೊಳ್ಳುತ್ತದೆ ಅಂದಾಗ ಮಾತ್ರ ಅವಳ ಮುಖ ಅರಳಿತು. "ಕೊಸರು ಆಕ್ತದೆ ಅನ್ನು! ಧರ್ಮವಂತ ಮಿಷನ್ನು." ಸಂಖ್ಯೆ ಕೇಳಿದಾಗ ಅಕ್ಷರ ಒತ್ತಿದರೆ ಅದು "ರೀಡೂ ಫ್ರಂ ಸ್ಟಾರ್ಟ್", ಅಂದರೆ ಮೊದಲಿಂದ ಮಾಡು, ಅನ್ನುತ್ತದೆ ಅಂತಲೂ ಹೇಳಿದೆ. ಅಮ್ಮ ಅಪ್ಪನ ಕಡೆ ತಿರುಗಿ, "ಕೇಳಿಸ್ಕಂಡ್ಯಾ? ಅದೂ ಅಂದಾಜ್ನಾಗೆ ಓಡ್ಸಲ್ಲ" ಅಂದಳು. ಅವತ್ತಿಂದ ಕಂಪ್ಯೂಟರು ನಮ್ಮ ಮನೆಯಲ್ಲಿ ಅಮ್ಮನ ಪಕ್ಷ.

ಪರೀಕ್ಷೆಯ ದಿನ ಬೆಳಿಗ್ಗೆ ಅಮ್ಮ ನನ್ನ ಕೈ ಹಿಡಿದು ಭಾಷೆ ತೆಗೆದುಕೊಂಡಳು. "ಮಿಷನ್ನಿಗೆ ಮೊದ್ಲು ಎಣಿಸೋದು ಲಾಭ ಅಂತ್ಲೇ ಎಣಿಸ್ಬೇಕು. ಒಂದು ಅಂತ ಮಾತ್ರ ಒತ್ತಬ್ಯಾಡ."

"ಅಮ್ಮಾ, ಅದಕ್ಕೆ ಅರ್ಥ ಆಗಲ್ಲ."

"ಅದಕ್ಕರ್ಥ ಮಾಡ್ಸಾಕೇ ಅಲ್ವಾ ನೀನು ಬಿಯಸ್ಸಿ ಮಾಡಿರೋದು?"

ರೈಲಿನುದ್ದಕ್ಕೂ ನಾನು ಒಂದು ಕಳ್ಳ ಉಪಾಯ ಹೂಡಿದೆ. ಯಾರೂ ನೋಡದಾಗ ಒಂದೇ ಒಂದು ಸಲ ಲಾಭ ಅಂತ ಒತ್ತುವುದು, ಅಳಿಸುವುದು, ಆಮೇಲೆ ಸರಿಯಾದದ್ದನ್ನು ಬರೆಯುವುದು. ಭಾಷೆಯೂ ಉಳಿಯಿತು, ಕೆಲಸವೂ ಉಳಿಯಿತು.

ಪ್ರಶ್ನೆ ಬಲು ಸುಲಭದ್ದು. ಐದು ಸಂಖ್ಯೆ ಕೇಳಿಕೊಂಡು ಮೊತ್ತ ಮತ್ತು ಸರಾಸರಿ ತೋರಿಸಬೇಕು, ಒಂದರಿಂದ ಐದರವರೆಗೆ ಕೊಟ್ಟು ನೋಡಬೇಕು. ಸಂಖ್ಯೆಯ ಡಬ್ಬಿಗೆ ಲಾಭ ಹಾಕಿದರೆ "ಮೊದಲಿಂದ ಮಾಡು" ಅನ್ನುತ್ತದಲ್ಲ, ಅದಕ್ಕೆ ಐದು ಡಬ್ಬಿಗೂ, ಮೊತ್ತದ ಡಬ್ಬಿಗೂ ಡಾಲರ್ ಬಾಲ ಅಂಟಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಲಾಭ ಅಂತ ಒತ್ತಿದೆ. ಆಮೇಲೆ ಎರಡು, ಮೂರು, ನಾಲ್ಕು, ಐದು. ಪರದೆಯ ಮೇಲೆ ಮೊತ್ತ ಬಂತು. ಐದೂ ಒಂದರ ಪಕ್ಕ ಒಂದು, ಕೈಕೈ ಹಿಡಿದು ನಿಂತಿದ್ದವು: ಲಾಭ2345. ಅದರ ಕೆಳಗೆ, ಸರಾಸರಿ ಇರಬೇಕಾದ ಜಾಗದಲ್ಲಿ, ಡಬ್ಬಿ ಹೊಂದುತ್ತಿಲ್ಲ ಅನ್ನುವ ಬೈಗುಳ.

ಅಳಿಸಲು ಕೈ ಎತ್ತುವಷ್ಟರಲ್ಲಿ ಬೆನ್ನ ಹಿಂದೆ ಒಬ್ಬರು ಕೆಮ್ಮಿದರು. ಬೆಂಗಳೂರಿಂದ ಬಂದಿದ್ದ ಪರೀಕ್ಷಕರು, ಸಫಾರಿ ಸೂಟಿನವರು.

"ಲಾಭ ಎರಡು ಸಾವಿರದ ಮುನ್ನೂರ ನಲವತ್ತೈದು! ಯಾವ ಅಂಗಡೀದಮ್ಮಾ ಇದು?"

ಗೋಡೆಗೊರಗಿ ಸರದಿ ಕಾಯುತ್ತಿದ್ದವರೂ ಸೇರಿ ಹತ್ತು ಹುಡುಗರೂ ತಿರುಗಿ ನೋಡಿ ನಕ್ಕರು. ಅರುಳ್ ಸಾರ್ ಮೆಲ್ಲಗೆ "ಕಡವುಳೇ" ಅಂತ ದೇವರನ್ನು ಕರೆದರು. ನನ್ನ ಕಣ್ಣ ಮುಂದೆ ಬಾವಿಕಟ್ಟೆ, ಸಗಣಿ ಬುಟ್ಟಿ, ಟ್ರಂಕು ಎಲ್ಲ ಸಾಲಾಗಿ ಬಂದವು. ಹೇಗೂ ಹೋಯಿತು ಅಂದಮೇಲೆ ಮಾನ ಯಾಕೆ ಉಳಿಸಿಕೊಳ್ಳಲಿ ಅನ್ನಿಸಿ, ಅಮ್ಮನ ಸೇರು, ಭಾಷೆ, ನನ್ನ ಕಳ್ಳ ಉಪಾಯ ಎಲ್ಲ ಒದರಿಬಿಟ್ಟೆ.

ಪರೀಕ್ಷಕರು ನಗಲಿಲ್ಲ. "ಸರಿ, ಮೊತ್ತ ಯಾಕೆ ಹೀಗೆ ಬಂತು?" ಅಂದರು.

"ಸಾರ್, ಬಾಲ ಅಂಟಿಸಿದ ಮೇಲೆ ಎರಡು ಅನ್ನೋದು ಸಂಖ್ಯೆ ಅಲ್ಲ, ಎರಡು ಅನ್ನೋ ಹೆಸರು. ಹೆಸರಿಗೆ ಹೆಸರು ಕೂಡಿಸಿದ್ರೆ ಮೊತ್ತ ಬರಲ್ಲ, ಲಗ್ನಪತ್ರಿಕೆ ಬರ್ತದೆ."

ಅವರು ಪಕ್ಕದ ಹುಡುಗನ ಪರದೆಯ ಕಡೆ ಬಗ್ಗಿದರು. ಅವನದು ಅಚ್ಚುಕಟ್ಟು, ಮೊತ್ತ ಹದಿನೈದು, ಸರಾಸರಿ ಮೂರು. "ನೀನು ಯಾಕಪ್ಪಾ ಬಾಲ ಹಾಕಿಲ್ಲ?" ಅಂದರು. ಹುಡುಗ ಎದ್ದುನಿಂತು, "ಹಾಕಬೇಡಿ ಅಂತ ಸಾರ್ ಹೇಳವ್ರೆ ಸಾರ್" ಅಂದ. ಮುಂದಿನವನೂ ಅದನ್ನೇ ಅಂದ. ಅಷ್ಟರಲ್ಲಿ ನಾನು ಲಾಭ ಅಂದರೆ ಒಂದು ಅಂತ ತಿಳಿದುಕೊಳ್ಳುವ ಒಂದು ಸಾಲು ಸೇರಿಸಿ, ಉಳಿದ ಹೆಸರುಗಳನ್ನು ಸಂಖ್ಯೆಗೆ ತಿರುಗಿಸಿ, ಹದಿನೈದು ಬರಿಸಿಬಿಟ್ಟಿದ್ದೆ. ಆದರೆ ಗಂಟೆ ಹೊಡೆದಿತ್ತು.

ಸಾಯಂಕಾಲ ಮೆಟ್ಟಿಲ ಮೇಲೆ ಅರುಳ್ ಸಾರ್ ಫಲಿತಾಂಶ ಹೇಳಿದರು. "ಮಾರ್ಕ್ಸಲ್ಲಿ ನೀನು ಕೊನೆಯಿಂದ ಎರಡನೆಯವಳಮ್ಮಾ. ಸೋಮವಾರದಿಂದ ಬಂದು ಕ್ಲಾಸ್ ತಗೋ."

"ಸಾರ್?"

"ತಪ್ಪೇ ಮಾಡದೋರಿಗೆ ಹೊಸಬರ ತಪ್ಪು ಕಾಣಲ್ಲ ಅಂದ್ರು ಆ ಮನುಷ್ಯ. ನೀನು ಮಾಡ್ಬೇಕಾದ ತಪ್ಪೆಲ್ಲ ಮಾಡಿ ಮುಗ್ಸಿದ್ದೀಯಲ್ಲ."

ಅವತ್ತಿನ ರೈಲು ಎಷ್ಟು ನಿಧಾನ ಹೋಯಿತು ಅಂತೀರಿ. ಇಳಿದು ಓಡಿದ್ದರೆ ಬೇಗ ತಲುಪುತ್ತಿದ್ದೆ. ಅಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. ಕೆಲಸ ಸಿಕ್ಕಿತಾ ಅಂತ ಕೇಳಲಿಲ್ಲ.

"ಅಂದ್ಯಾ?"

"ಅಂದೆ."

"ಮಿಷನ್ನೇನಂತು?"

"ಅದೂ ಲಾಭ ಅಂತು."

ಇದು ಸುಳ್ಳಲ್ಲ, ನೀವೇ ನೋಡಿದಿರಲ್ಲ. ಹಿಂದಿನ ಎರಡು ಸಾವಿರ ಚಿಲ್ಲರೆಯನ್ನು ಮಾತ್ರ ನುಂಗಿಕೊಂಡೆ. ಅಮ್ಮ ಬಾವಿಕಟ್ಟೆಗೆ ಹೋಗಿ, "ನನ್ ಮಗ್ಳು ಕಲಿಸಿದ್ ಮ್ಯಾಲೆ ಊರಿಗಾಂ ಮಿಷನ್ನೂ ಲಾಭ ಅಂತದೆ" ಅಂತ ಸಾರಿಬಂದಳು. ಬದುಕಿರುವಷ್ಟು ದಿನವೂ ಸಾರಿದಳು. ನಾನು ಮಾತ್ರ ಕೆಲಸ ಸಿಕ್ಕಿದ್ದು ನನ್ನ ಜವಾಬಿನಿಂದ ಅಂತ ಮನಸ್ಸಿನಲ್ಲೇ ಬೀಗುತ್ತಿದ್ದೆ. ಲಾಭ ಒತ್ತದೇ ಇದ್ದಿದ್ದರೆ ಆ ಮನುಷ್ಯ ನನ್ನನ್ನು ಏನು ಕೇಳುತ್ತಿದ್ದರು ಅಂತ ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಮೊನ್ನೆ ಪುರಿ ಅಂಗಡಿಯ ಮುಂದೆ ಅದು ಹೊಳೆಯಿತು. ಅಷ್ಟು ಸುಲಭದ ಲೆಕ್ಕ, ಬಿಡಿಸಲು ಇಷ್ಟು ದಿನ ಹಿಡಿಯಿತು.

ಅಂಗಡಿಯಾತ ಇನ್ನೂ ಸೇರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. "ಲೆಕ್ಕ ತಪ್ತಾ ಅಂದ್ನಲ್ಲಮ್ಮಾ?"

ಲೆಕ್ಕ ಸರಿಯಾಗಿಯೇ ಇತ್ತು. ನಾನು ಮುಖ ಗಂಟಿಕ್ಕಿಕೊಂಡು, "ಹೂಂ ಕಣಪ್ಪಾ, ತಪ್ಪೋಯ್ತು. ಮೊದಲಿಂದ ಅಳೆ" ಅಂದೆ.

ಅವನು ಗೊಣಗುತ್ತಾ ಚೀಲವನ್ನು ಗುಡ್ಡೆಗೆ ಬೋರಲು ಹಾಕಿದ. ಸೇರು ತುಂಬಿದ, ಮೇಲೆ ಕೈ ಆಡಿಸಿದ, ಎತ್ತಿದ. ನಾನು ಕಿವಿಗೊಟ್ಟು ನಿಂತೆ.

"ಲಾಭ," ಅಂದ.