ಕೊನೆಯ ಹದಿನೆಂಟು ನಿಮಿಷ

ನಮ್ಮ ಪಿಟಿ ಮೇಡಂ ನಿಂತಾಗ ಅವರ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಎಡಗಾಲನ್ನು ಪೂರ್ತಿ ಊರಿ, ಬಲಗಾಲನ್ನು ಬೆರಳುಗಳ ಮೇಲೆ ನಿಲ್ಲಿಸಿ, ಮೊಣಕಾಲನ್ನು ಸಣ್ಣಗೆ ಅಲುಗಿಸುತ್ತ ನಿಲ್ಲುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಹಾಗೆ, ಬಸ್ ಸ್ಟ್ಯಾಂಡಿನಲ್ಲಿ ಹಾಗೆ, ಹೆಡ್‌ಮಿಸ್ ಬೈಯುವಾಗಲೂ ಹಾಗೆ. ಅವರ ಹಿಮ್ಮಡಿಗೂ ಚಪ್ಪಲಿಗೂ ನಡುವೆ ಎರಡು ಬೆರಳು ತೂರಿಸಬಹುದು ಎಂದು ನಾವು ಹುಡುಗಿಯರು ಹಿಂದಿನ ಸಾಲಿನಲ್ಲಿ ಬಗ್ಗಿ ನೋಡಿ ತೀರ್ಮಾನಿಸಿದ್ದೆವು. "ಕಾಲಿಗೆ ಚಕ್ರ ಕಟ್ಕೊಂಡು ಬಂದಿದಾರೆ," ಎಂದು ಗಣಿತದ ಮೇಷ್ಟ್ರು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಅವರು ಕೂತದ್ದನ್ನು ಕಂಡವರಿಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆಂದು ಕೊಟ್ಟಿದ್ದ ಕುರ್ಚಿಯ ಮೇಲೆ ಗಾಳಿ ಹೊಡೆಯುವ ಪಂಪು, ಸೀಟಿಗಳು, ಸುಣ್ಣದ ಡಬ್ಬ ಕೂತಿರುತ್ತಿದ್ದವು. ಟೀಯನ್ನು ಅವರು ಕಿಟಕಿಯ ಹತ್ತಿರ ನಿಂತೇ ಕುಡಿಯುತ್ತಿದ್ದರು, ಅದನ್ನೂ ಅರ್ಧಕ್ಕೆ ಬಿಟ್ಟು ಮೈದಾನಕ್ಕೆ ಇಳಿಯುತ್ತಿದ್ದರು.

ಮುಳಬಾಗಿಲಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವರು ಬರುವವರೆಗೆ ಅಲ್ಲಿ ಆಟವೆಂದರೆ ಖೋಖೋ ಮತ್ತು ಥ್ರೋಬಾಲ್. ಅವರು ಬಂದ ವಾರವೇ ಟೊಮೆಟೊ ಮಂಡಿಯಿಂದ ಮುರುಕಲು ಮರದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಬಂದು, ಮೈದಾನದ ಎರಡು ತುದಿಗೆ ಪೇರಿಸಿ ಗೋಲು ಮಾಡಿದರು. ಹುಡುಗಿಯರು ಲಂಗ ಎತ್ತಿ ಕಟ್ಟಿ ಚೆಂಡು ಒದೆಯುವ ಸುದ್ದಿ ಊರಿಗೆ ತಿಳಿಯಲು ಒಂದು ಸಂಜೆ ಸಾಕಾಯಿತು. ನನ್ನನ್ನು ಆಟಕ್ಕೆ ಕಳಿಸುವುದಿಲ್ಲ ಎಂದು ಅಮ್ಮ ಹಟ ಹಿಡಿದಾಗ ಮೇಡಂ ನಮ್ಮ ಮನೆಗೇ ಬಂದರು. ಚಾಪೆ ಹಾಸಿದರೆ ಕೂರಲಿಲ್ಲ, ಹೊಸ್ತಿಲಲ್ಲೇ ಒಂಟಿ ಹಿಮ್ಮಡಿ ಎತ್ತಿಕೊಂಡು ನಿಂತರು.

"ಹೆಣ್ಣುಮಕ್ಳು ಬಾಲ್ ಒದ್ದರೆ ನಾಳೆ ಯಾರು ಕೇಳ್ತಾರೆ ಮೇಡಂ?" ಎಂದಳು ಅಮ್ಮ.

"ನಾನು ಇಂಡಿಯಾ ಟೀಮಲ್ಲಿ ಒದ್ದಿದೀನಿ ಕಣಕ್ಕ. ನೋಡು, ಕೈಕಾಲು ಎಲ್ಲ ಇದಾವೆ, ಸರ್ಕಾರಿ ಕೆಲ್ಸಾನೂ ಇದೆ."

ಅಮ್ಮ ನಕ್ಕುಬಿಟ್ಟಳು. ಮರುದಿನದಿಂದ ನಾನು ಎಡಬದಿಯ ಆಟಗಾರ್ತಿಯಾದೆ.

ಇಂಡಿಯಾ ಟೀಮಿನ ಕತೆಯನ್ನು ಅವರು ನಮಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ದೇಶಕ್ಕೊಂದು ಮಹಿಳಾ ಫುಟ್‌ಬಾಲ್ ತಂಡ ಎಂಬುದು ಆಗಿನ್ನೂ ಹೊಸದು. ಹೊರದೇಶದ ತಂಡವೊಂದು ನಮ್ಮಲ್ಲಿಗೆ ಆಡಲು ಬಂದಿತ್ತು. ಪಂದ್ಯವಿದ್ದದ್ದು ಉತ್ತರದ ಯಾವುದೋ ಊರಿನಲ್ಲಿ, ಇವರು ಹೋದದ್ದು ರೈಲಿನ ಜನರಲ್ ಬೋಗಿಯಲ್ಲಿ, ಮಲಗಿದ್ದು ಶಾಲೆಯೊಂದರ ಬೆಂಚುಗಳನ್ನು ಜೋಡಿಸಿಕೊಂಡು. ತಂಡದಲ್ಲಿ ಹದಿನಾರು ಹುಡುಗಿಯರು, ಜರ್ಸಿಗಳು ಮಾತ್ರ ಹದಿನಾಲ್ಕು, ಅವೂ ಗಂಡಸರ ಅಳತೆಯವು. ಜರ್ಸಿ ಸಿಗದ ಇಬ್ಬರಲ್ಲಿ ನಮ್ಮ ಮೇಡಂ ಒಬ್ಬರು. ಅಂಥವರು ಮೈದಾನಕ್ಕೆ ಇಳಿಯಬೇಕಾದರೆ, ಹೊರಗೆ ಬರುವ ಹುಡುಗಿಯ ಬೆವರಿನ ಜರ್ಸಿಯನ್ನೇ ತೊಡಬೇಕಿತ್ತು. ಗೆರೆಯ ಪಕ್ಕದಲ್ಲಿ ಇಬ್ಬರು ಒಂದು ದುಪ್ಪಟಿಯನ್ನು ಅಡ್ಡ ಹಿಡಿಯುತ್ತಿದ್ದರು. ಅದರ ಹಿಂದೆ ಒಬ್ಬಳು ಬಿಚ್ಚಿಕೊಡುತ್ತಿದ್ದಳು, ಇನ್ನೊಬ್ಬಳು ಹಾಕಿಕೊಳ್ಳುತ್ತಿದ್ದಳು.

ಒಂಬತ್ತನೇ ನಂಬರಿನ ಹುಡುಗಿಯ ಪಾದ ಉಳುಕಿದಾಗ ಮೇಡಂ ಹಾಗೆ ಒಳಗೆ ಹೋದರು. ಎಡಬದಿಯಲ್ಲಿ ಓಡಿ, ಚೆಂಡನ್ನು ಗೋಲಿನ ಮುಂದಕ್ಕೆ ತಳ್ಳಿದರು. ಅದನ್ನು ಇನ್ನೊಬ್ಬಳು ಒಳಕ್ಕೆ ಹೊಡೆದಳು. ಸೋಲುತ್ತಿದ್ದ ಪಂದ್ಯ ಸಮವಾಯಿತು.

"ಎಷ್ಟು ನಿಮಿಷ ಆಡಿದ್ರಿ ಮೇಡಂ?" ಎಂದು ಬೇಕೆಂದೇ ಕೇಳುತ್ತಿದ್ದೆವು.

"ಹದಿನೆಂಟು. ಇನ್ನೇನ್ ಕೇಳ್ತೀಯೇ, ಪರಿಗೆತ್ತವೇ!" ಎನ್ನುತ್ತಿದ್ದರು. ಅವಸರ ಹೆಚ್ಚಾದಾಗ ಅವರ ಬಾಯಿಂದ ತೆಲುಗೇ ಬರುತ್ತಿತ್ತು, ನಾವು ಓಡುತ್ತಿದ್ದೆವು.

ನಮ್ಮ ಶಾಲೆಯಲ್ಲೂ ಅದೇ ಪದ್ಧತಿ ಬಂತು, ಏಕೆಂದರೆ ಇದ್ದದ್ದು ಹನ್ನೊಂದೇ ಜರ್ಸಿ. ಮೇಡಂ ಜೋಳಿಗೆಯಲ್ಲಿ ಹೂವಿನ ಚಿತ್ತಾರದ ಹಳೆಯ ದುಪ್ಪಟಿಯೊಂದು ಸದಾ ಇರುತ್ತಿತ್ತು. ಮಾಲೂರಿಗೆ ಪಂದ್ಯಕ್ಕೆ ಹೋದಾಗ ನಾನು ರಿಸರ್ವ್. ಬಿಸಿಲಿಗೆ ಸೋತು ಬೇಲಿಯ ನೆರಳಲ್ಲಿ ಕೂತೆ. ಮೇಡಂ ಬಂದು ರಟ್ಟೆ ಹಿಡಿದು ಎಬ್ಬಿಸಿದರು.

"ರಿಸರ್ವ್ ಆದೋಳು ಕೂರಬಾರ್ದು ಕಣೇ. ಕೂತಿರೋಳನ್ನ ಯಾರೂ ಕರೆಯಲ್ಲ."

ಸ್ವಲ್ಪ ಹೊತ್ತಿಗೆ ದುಪ್ಪಟಿ ಹಿಡಿದರು. ನಾನು ಏಳನೇ ನಂಬರಿನ ಜರ್ಸಿ ಹಾಕಿಕೊಂಡು ಒಳಗೆ ಹೋದೆ, ಗೋಲೂ ಹೊಡೆದೆ. ನನ್ನ ಜೀವನದ ಒಂದೇ ಒಂದು ಗೋಲು. ಕೊನೆಯಲ್ಲಿ ಮೈಕಿನಲ್ಲಿ ಕೂಗಿದ್ದು ಏಳನೇ ನಂಬರಿನ ಮೂಲ ಹುಡುಗಿಯ ಹೆಸರನ್ನು. ಅವಳು ಪಾಪ ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಲಂಗದ ಮೇಲಿನ ರವಿಕೆ ಹಾಕಿಕೊಂಡು. ನಾನು ಹೋಗಲಿ ಬಿಡಿ ಎಂದೆ. ಮೇಡಂ ಬಿಡಲಿಲ್ಲ. ಸ್ಕೋರು ಬರೆಯುವವನ ಮೇಜಿನ ಹತ್ತಿರ ಹೋಗಿ, ಪಟ್ಟಿಯಲ್ಲಿ ಹೆಸರು ತಿದ್ದಿ ಎಂದರು. ಅಲ್ಲಿದ್ದವರು, "ಆಯ್ತು ಮೇಡಂ, ಯಾರ್ ಹೊಡೆದ್ರೇನು, ಗೋಲು ನಿಮ್ ಸ್ಕೂಲ್ದೇ ಅಲ್ವಾ? ಕೂತ್ಕೊಳಿ," ಎಂದು ಕುರ್ಚಿ ಎಳೆದು ಕೊಟ್ಟರು.

"ಹೆಸರು ಬರೀರಿ. ಆಮೇಲೆ ಕೂರ್ತೀನಿ."

ನಮ್ಮ ಬಸ್ಸು ಹೋಯಿತು. ಶಾಮಿಯಾನ ಬಿಚ್ಚತೊಡಗಿದರು. ಮೇಡಂ ಮೊಣಕಾಲು ಅಲುಗಿಸುತ್ತ ಅಲ್ಲೇ ನಿಂತಿದ್ದರು. ಕೊನೆಗೆ ಆ ಮನುಷ್ಯ ಪೆನ್ನು ತೆಗೆದು, ಹಳೆಯ ಹೆಸರು ಹೊಡೆದುಹಾಕಿ, ನನ್ನ ಹೆಸರು ಬರೆದ. ಮೇಡಂ ಅದನ್ನು ಎರಡು ಸಲ ಓದಿದರು. ಆಮೇಲೂ ಕೂರಲಿಲ್ಲ ಎನ್ನಿ, ಮುಂದಿನ ಬಸ್ಸಿಗೆ ಓಡಬೇಕಿತ್ತು.

ನಾನು ಓದು ಮುಗಿಸಿ ಕೋಲಾರದ ಪತ್ರಿಕೆಯೊಂದಕ್ಕೆ ಸೇರಿದೆ. ಮೇಡಂ ನಿವೃತ್ತರಾದ ವರ್ಷ ಅವರ ಬಗ್ಗೆ ಬರೆಯುವುದಾಗಿ ನಾನೇ ಮುಂದಾದೆ. ಸಂಪಾದಕರು ಒಪ್ಪಿ, "ಇಂಡಿಯಾಗೆ ಆಡಿದಾರೆ ಅಂತೀಯ, ಒಂದು ಸಲ ನೋಡ್ಬಿಡು," ಎಂದರು. ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಮಗುಚಿದೆ. ಪಂದ್ಯದ ಸುದ್ದಿ ಒಂದು ಮೂಲೆಯಲ್ಲಿ ಸಿಕ್ಕಿತು. ಎಡಬದಿಯಿಂದ ಚೆಂಡು ಕೊಟ್ಟವಳು ಒಂಬತ್ತನೇ ನಂಬರಿನ ಹುಡುಗಿ ಎಂದಿತ್ತು, ಅವಳ ಹೆಸರಿತ್ತು. ಆಟಗಾರ್ತಿ ಬದಲಾದಳು ಎಂದು ಎಲ್ಲೂ ಇರಲಿಲ್ಲ. ಮೇಡಂ ಹೆಸರು ಇದ್ದದ್ದು ತಂಡದ ಪಟ್ಟಿಯ ತುದಿಯಲ್ಲಿ, ಮೀಸಲು ಆಟಗಾರ್ತಿಯರ ಜೊತೆ.

ಮಾಲೂರಿನಲ್ಲಿ ಆದದ್ದು ನನಗಾದರೂ ನೆನಪಾಗಬೇಕಿತ್ತು. ಅಚ್ಚಾದ ಅಕ್ಷರ ನೋಡಿದ ಮೇಲೆ ನನ್ನ ಬುದ್ಧಿಯೂ ಅಚ್ಚಿನ ಕಡೆಗೇ ಹೋಯಿತು. ಆ ಒಂಬತ್ತನೇ ನಂಬರಿನವರನ್ನು ಹುಡುಕಬಹುದಿತ್ತು, ಹುಡುಕಲಿಲ್ಲ. ಪುಟ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಸೀದಾ ಮುಳಬಾಗಿಲಿಗೆ ಬಂದು, ತಂಗಿಯ ಜೊತೆಗಿದ್ದ ಮೇಡಂ ಮನೆಯಲ್ಲಿ, ಇವತ್ತಿಗೂ ನನ್ನ ಕಿವಿಯಲ್ಲಿ ಉಳಿದಿರುವ ಪ್ರಶ್ನೆಯನ್ನು ಕೇಳಿದೆ.

"ಮೇಡಂ, ನೀವು ನಿಜವಾಗ್ಲೂ ಆಡಿದ್ರಾ?"

ಮೇಡಂ ಕೂತರು. ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡು ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ಮೊಣಕಾಲಿನ ಅಲುಗಾಟ ನಿಂತಿತ್ತು. ಕೂತಾಗಲೂ ಬಲಗಾಲಿನ ಹಿಮ್ಮಡಿ ನೆಲದಿಂದ ಮೇಲೇ ಇತ್ತು. ಅದನ್ನು ನಾನು ನೋಡಿದೆ.

"ಪೇಪರಲ್ಲಿ ಏನ್ ಹಾಕಿದಾರೋ ಅದನ್ನೇ ಬರಿಯಮ್ಮ," ಎಂದರು. ಅಮ್ಮ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ಏನೇ, ಕಣೇ ಎಂದೇ ಮಾತು.

ನಾನು ಹಾಗೇ ಬರೆದೆ. ಭಾರತ ತಂಡದ ಮೀಸಲು ಆಟಗಾರ್ತಿಯಾಗಿದ್ದರು, ಕಣಕ್ಕಿಳಿಯುವ ಅವಕಾಶ ಒದಗಲಿಲ್ಲ ಎಂದು. ಪತ್ರಿಕೆ ತಲುಪಿದ ದಿನ ಅವರೇ ಫೋನ್ ಮಾಡಿದರು. "ಚೆನ್ನಾಗಿ ಬರ್ದಿದೀಯ. ಒಂದಕ್ಷರ ತಪ್ಪಿಲ್ಲ," ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಏನೂ ಮಾಡಲಿಲ್ಲ.

ಅವರು ನನ್ನನ್ನು ದೂರ ಮಾಡಲಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ದೇಶದ ಹುಡುಗಿಯರ ಪಂದ್ಯ ಮೊಬೈಲಿನಲ್ಲಿ ಬರುವಾಗಲೆಲ್ಲ ಫೋನ್ ಬರುತ್ತಿತ್ತು. ಆ ಕಡೆ ಅವರು ಹಜಾರದ ಉದ್ದಕ್ಕೂ ನಡೆದಾಡುವುದು ಕೇಳಿಸುತ್ತಿತ್ತು. ಆಡುವವರಿಗಿಂತ ಗೆರೆಯ ಪಕ್ಕದಲ್ಲಿ ಮೈ ಬಿಸಿ ಮಾಡಿಕೊಳ್ಳುವವರ ಮೇಲೆಯೇ ಅವರ ಕಣ್ಣು.

"ಆ ಹುಡುಗೀನ ಇಳಿಸಬಾರ್ದೇನೇ? ಎಷ್ಟೊತ್ತಿಂದ ನಿಂತಿದಾಳೆ." ಒಮ್ಮೆ ಮಾತ್ರ, "ನೋಡಿದ್ಯಾ, ಈಗ ಬೆನ್ನ ಮೇಲೆ ಹೆಸರೂ ಬರ್ಸಿದಾರೆ," ಎಂದರು. ನಾನು ಹೂಂ ಎಂದೆ.

ಹೋದ ವರ್ಷ ಒಂದು ಬೆಳಗ್ಗೆ, ಹಾಲು ತರಲು ಹೊರಟವರು ಬಾಗಿಲಲ್ಲೇ ಕುಸಿದು ಹೋಗಿಬಿಟ್ಟರು. ಸುದ್ದಿ ಕೇಳಿ ಕೋಲಾರದಿಂದ ಓಡಿಬಂದೆ. ಹಜಾರದಲ್ಲಿ ಮಲಗಿಸಿ, ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಎತ್ತರದ ಹೆಂಗಸು ಬಂದರು. ಮೇಡಂ ಡೈರಿಯಲ್ಲಿದ್ದ ನಂಬರುಗಳಿಗೆಲ್ಲ ಅವರ ತಂಗಿ ಫೋನ್ ಮಾಡಿದ್ದರಂತೆ. ಬಂದವರು ಮುಖದ ಕಡೆ ಹೋಗಲಿಲ್ಲ. ಕಾಲಿನ ಕಡೆ ಕೂತು, ಬಟ್ಟೆ ಸರಿಸಿ, ಬಲಗಾಲಿನ ಹಿಮ್ಮಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ಹಾಗೇ ಇದೆಯಲ್ಲೇ ಇನ್ನೂ," ಎಂದು ಅತ್ತರು.

ಅವರೇ ಆ ಒಂಬತ್ತನೇ ನಂಬರಿನವರು. ಹೊರಗೆ ಜಗಲಿಯ ಮೇಲೆ ಕೂತು ನನಗೆ ಹೇಳಿದರು. "ಗ್ರೌಂಡೆಲ್ಲ ಕೆಸರಮ್ಮ ಅವತ್ತು. ಇವಳ ಹತ್ರ ಕ್ಯಾನ್ವಾಸ್ ಶೂ ಬಿಟ್ರೆ ಏನಿರ್ಲಿಲ್ಲ. ಜರ್ಸಿ ಜೊತೆ ನನ್ ಬೂಟೂ ಹಾಕ್ಕೊಂಡ್ಳು. ನಾನು ಎತ್ತರ ಇದ್ರೂ ಪಾದ ಸಣ್ಣದು, ಅವಳಿಗೆ ಹಿಮ್ಮಡಿ ಒಳಗೇ ಹೋಗ್ಲಿಲ್ಲ. ಹಿಂಭಾಗ ತುಳಿದು, ಲೇಸನ್ನ ಪಾದಕ್ಕೇ ಬಿಗಿದು ಕಟ್ಕೊಂಡು ಓಡಿದ್ಳು. ಆ ಬಾಲ್ ಕೊಡೋವಾಗ ಯಾರೋ ಹಿಂದಿಂದ ಬಲಗಾಲಿನ ಹಿಮ್ಮಡಿ ತುಳಿದ್ರು. ಆಟ ಮುಗಿಯೋವರೆಗೂ ಬಾಯಿ ಬಿಡ್ಲಿಲ್ಲ. ರೂಮಿಗೆ ಬಂದು ಬಿಚ್ಚಿದ್ರೆ ಬೂಟೆಲ್ಲ ರಕ್ತ. ಡಾಕ್ಟ್ರಿಗೆ ತೋರ್ಸೋಣ ಅಂದೆ. ಬೇಡ, ಗೊತ್ತಾದ್ರೆ ಮುಂದಿನ ಕ್ಯಾಂಪಿಗೆ ಕರೆಯಲ್ಲ ಅಂತ ಆಣೆ ಹಾಕಿಸ್ಕೊಂಡ್ಳು. ಹಿಮ್ಮಡಿ ನರ ಹಾಗೇ ಎಳ್ಕೊಂಡ್ಬಿಡ್ತು."

"ಆಮೇಲೆ ಕರೆದ್ರಾ?"

"ಇಲ್ಲಮ್ಮ. ಕರೀಲೇ ಇಲ್ಲ."

"ನೀವು ಯಾಕೆ ಯಾರಿಗೂ ಹೇಳಲಿಲ್ಲ?"

"ಆಡಿದ್ದು ಅವಳೇ ಅಂತ ಕೇಳಿದ್ರೆ ಹೇಳ್ತಿದ್ದೆ. ಯಾರು ಕೇಳಿದ್ರು?"

ಹೈಸ್ಕೂಲಿನ ಮೂರು ವರ್ಷ ದಿನಾ ಬಗ್ಗಿ ನೋಡಿ ನಕ್ಕಿದ್ದೆ ನಾನು. ಲೈಬ್ರರಿಯಲ್ಲಿ ನಾನು ಹುಡುಕಿದ ಸಾಕ್ಷಿ ಆ ಚಪ್ಪಲಿಯ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಮತ್ತೆ ಕರೆಯಲಿ ಎಂದು ಗಾಯವನ್ನು ಮುಚ್ಚಿಟ್ಟವರು, ಆಡಿದ್ದೇ ಸುಳ್ಳು ಎಂದು ನಾನು ಬರೆದಾಗಲೂ ಅದನ್ನು ಬಿಚ್ಚಿ ತೋರಿಸಲಿಲ್ಲ.

ಇಲ್ಲಿ ಅವರನ್ನು ಮೇಡಂ ಎಂದಷ್ಟೇ ಕರೆದಿದ್ದೇನೆ, ನನ್ನ ಬಾಯಿಗೆ ಬರುವುದು ಅದೇ. ಹೆಸರು ಬೇಕಾದದ್ದು ಇನ್ನೊಂದು ಕಡೆ. ಮಣ್ಣು ಮುಗಿಸಿ ನೇರ ಕಚೇರಿಗೆ ಹೋದೆ. ಹಳೆಯ ಲೇಖನಕ್ಕೆ ತಿದ್ದುಪಡಿ ಹಾಕಬೇಕು, ಕೊನೆಯ ಹದಿನೆಂಟು ನಿಮಿಷ ಆಡಿದವರು ಇವರು ಎಂದು ಪೂರ್ತಿ ಹೆಸರಿನೊಂದಿಗೆ ಬರಬೇಕು ಎಂದೆ.

"ಇಷ್ಟು ವರ್ಷ ಆದ್ಮೇಲೆ ಎಂಥಾ ತಿದ್ದುಪಡಿನಮ್ಮಾ? ಯಾರು ಓದ್ತಾರೆ?" ಎಂದರು ಸಂಪಾದಕರು. "ಅತ್ತು ಅತ್ತು ಸುಸ್ತಾಗಿದೀಯ. ಮೊದ್ಲು ಕೂತ್ಕೋ."

"ಹೆಸರು ಬರೀರಿ ಸಾರ್," ಎಂದೆ. "ಆಮೇಲೆ ಕೂರ್ತೀನಿ."